ಅರ್ಧ ದಿನದ ಶಾಲೆ

ಕೂಸೇ,

ನಿನ್ನ ನೇಮಕದ ಕಾಗದ ಬಂದ ಮಾರನೆಯ ದಿನವೇ ತಿರುಪ್ಪೂರಿನ ನಮ್ಮ ಬೀದಿ ನಿನಗೆ ಬಡ್ತಿ ಕೊಟ್ಟುಬಿಟ್ಟಿದೆ. ಶಿಕ್ಷಣ ಮಂತ್ರಾಲಯದಲ್ಲಿ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್ ಎಂದು ನಾನು ಬಿಡಿಸಿ ಹೇಳಿದರೂ ಟೀ ಅಂಗಡಿಯವನು ಕೇಳಲಿಲ್ಲ. ಅವನ ಪಾಲಿಗೆ ನೀನು ಮಂತ್ರಿಗಳ ಆಫೀಸಿನ ಹುಡುಗಿ. ನೆಂಟರೊಬ್ಬರು ಆಗಲೇ ಫೋನ್ ಮಾಡಿದ್ದರು. ಸೂಲೂರಿನ ಕೇಂದ್ರೀಯ ವಿದ್ಯಾಲಯದಲ್ಲಿ ಮೊಮ್ಮಗನಿಗೆ ಒಂದು ಸೀಟು ಬೇಕಂತೆ, ನೀನು ಒಂದು ಮಾತು ಹೇಳಿದರೆ ಸಾಕಂತೆ. ಮಂತ್ರಿಗೇ ಈಗ ಆ ಕೋಟಾ ಇಲ್ಲ ಸ್ವಾಮಿ ಅಂದೆ. ನಂಬಲಿಲ್ಲ. ಆದರೆ ಅದು ನಿಜ. 2021ರಲ್ಲಿ ಶಿಕ್ಷಣ ಸಚಿವರ ಕೋಟಾ ಹೋಯಿತು, 2022ರಲ್ಲಿ ಸಂಸದರದ್ದೂ ಹೋಯಿತು. ಒಬ್ಬ ಮಂತ್ರಿ ತನ್ನ ಕೈಯಲ್ಲಿದ್ದ ಸೀಟುಗಳನ್ನು ತಾನೇ ಬಿಟ್ಟುಕೊಡುವುದು ಸಣ್ಣ ಕೆಲಸವೇನಲ್ಲ. ನಾನು ಯಾವ ಪಕ್ಷದವನೂ ಅಲ್ಲದಿದ್ದರೂ ಆ ದಿನ ಪೇಪರ್ ಓದಿ ಮನಸ್ಸಿನಲ್ಲೇ ಭೇಷ್ ಅಂದಿದ್ದೆ. ಆ ನೆಂಟರು ನಿನಗೇ ಫೋನ್ ಮಾಡುತ್ತಾರೆ, ನೋಡುತ್ತಿರು. ನಯವಾಗಿ ಇಲ್ಲ ಅನ್ನುವುದನ್ನು ರೈಲು ಹತ್ತುವ ಮೊದಲೇ ಅಭ್ಯಾಸ ಮಾಡಿಕೋ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ನೀನು ಕೇಳಿದೆಯಲ್ಲ: "ತಾತ, ನಮ್ಮ ಕಾರ್ಪೊರೇಷನ್ ಶಾಲೆಯ ಮೇಷ್ಟ್ರ ಸಂಬಳ ಕೊಡೋದು ರಾಜ್ಯ, ಪುಸ್ತಕ ಅಚ್ಚು ಹಾಕಿಸೋದು ರಾಜ್ಯ, ಬೀಗದ ಕೈ ಇರೋದು ಹೆಡ್ಮಾಸ್ಟರ ಹತ್ತಿರ. ಮತ್ತೆ ದೆಹಲಿಯಲ್ಲಿ ಒಬ್ಬ ಶಿಕ್ಷಣ ಮಂತ್ರಿ ಯಾಕೆ?" ನಿನ್ನ ಅಜ್ಜಿ ಸಾರು ಬಡಿಸುತ್ತಾ, ಕೆಲಸಕ್ಕೆ ಸೇರುವ ಮೊದಲೇ ಮಂತ್ರಿಯನ್ನು ತೆಗೆದುಹಾಕ್ತೀಯಾ ಅಂತ ನಕ್ಕಳು. ನಾನೂ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ. ಮೂವತ್ತೆಂಟು ವರ್ಷ ಸೀಮೆಸುಣ್ಣ ಹಿಡಿದವನು ಇದಕ್ಕೆ ಉತ್ತರ ಕೊಡದಿದ್ದರೆ ಹೇಗೆ?

ಮೊದಲು ನನ್ನದೇ ಕತೆ. ಅದು ನಿನ್ನ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಹತ್ತಿರದ ಹಳ್ಳಿಯಲ್ಲಿ ಅಂತ ನಿನಗೆ ಗೊತ್ತು. ನಾನು ಹುಟ್ಟಿದ್ದು ಕೊಯಮತ್ತೂರು ಜಿಲ್ಲೆಯಲ್ಲಿ ಎಂಬುದೂ ಅಷ್ಟೇ ನಿಜ, ಅದು ನಿಮ್ಮ ತಲೆಮಾರಿಗೆ ಮರೆತಿದೆ. 1956ರ ನವೆಂಬರ್ 1ರವರೆಗೂ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯದು. ಬೆಟ್ಟ ಹತ್ತಿ ಬರುವ ಕಲೆಕ್ಟರು ಕೊಯಮತ್ತೂರಿನವರು. ನಮ್ಮ ಹಳ್ಳಿಯ ಕನ್ನಡ ಶಾಲೆಗೆ ಬೇಕಾದ್ದು ಬೇಡವಾದ್ದು ನಿರ್ಧಾರವಾಗುತ್ತಿದ್ದದ್ದು ಮದ್ರಾಸಿನ ಕೋಟೆಯಲ್ಲಿ. ನಮ್ಮದು ದೇವಾಂಗರ ಮನೆ. ಅಪ್ಪ ಗುಂಡಿಮಗ್ಗದಲ್ಲಿ ಕೂತರೆ ಅಮ್ಮ ರಾಟೆಯ ಮುಂದೆ. ಮನೆಯೊಳಗೆ ಮಾತಿಗಿಂತ ಲಾಳಿಯ ಸದ್ದೇ ಹೆಚ್ಚು.

1953ರ ಜೂನ್‌ನಲ್ಲಿ ನಾನು ನಾಲ್ಕನೆಯ ತರಗತಿಗೆ ಹೋದೆ. ಮೊದಲ ದಿನವೇ ಮೇಷ್ಟ್ರು ನಮ್ಮನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೆಳಿಗ್ಗೆ ಮೂರು ಗಂಟೆ ಪಾಠ, ಇನ್ನೊಂದಕ್ಕೆ ಮಧ್ಯಾಹ್ನ ಮೂರು ಗಂಟೆ. ಉಳಿದ ಹೊತ್ತು? "ಉಳಿದ ಹೊತ್ತು ಅಪ್ಪನ ಕಸುಬು ಕಲಿಯಬೇಕು, ಸರ್ಕಾರದ ಆರ್ಡರ್" ಅಂದರು. ಕುಂಬಾರರ ಹುಡುಗ ತಿಗರಿಗೆ, ಕ್ಷೌರಿಕರ ಹುಡುಗ ಕತ್ತರಿಗೆ, ನಾನು ಕಂಡಿಕೆಗೆ. ಹುಡುಗಿಯರು ಅವ್ವಂದಿರ ಜೊತೆ ಒಲೆಯ ಮುಂದೆ. ಶಾನುಭೋಗರ ಮಗನೂ ನಮ್ಮ ಗುಂಪಿನಲ್ಲೇ ಇದ್ದ. ಅವನ ಅಪ್ಪನ ಕಸುಬು ಲೆಕ್ಕ ಬರೆಯುವುದು. ಅಂದರೆ ಅವನಿಗೆ ಉಳಿದ ಅರ್ಧ ದಿನವೂ ಶಾಲೆಯೇ! ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಬಿಡುವು ಸಿಕ್ಕಿತೆಂದು ಕುಣಿದಿದ್ದೆ. ಮನೆಗೆ ಬಂದರೆ ಅಮ್ಮ ಸಂತೋಷದಿಂದ ರಾಟೆಯ ಮುಂದೆ ಜಾಗ ಬಿಟ್ಟುಕೊಟ್ಟಳು. ಅವಳದ್ದೂ ತಪ್ಪಲ್ಲ, ಅವಳ ಬೆನ್ನು ಹೋಗಿತ್ತು. ಅಪ್ಪ ಮಾತ್ರ ಮಗ್ಗದಿಂದ ಏಳದೆಯೇ ಒಂದು ಮಾತು ಕೇಳಿದ: "ಇದನ್ನ ಕಲಿಸೋಕೆ ಸರ್ಕಾರ ಯಾಕೆ? ನಾನಿಲ್ವಾ? ನನಗೆ ಗೊತ್ತಿಲ್ಲದ್ದನ್ನ ಕಲಿಸಲಿ ಅಂತ ತಾನೇ ನಿನ್ನ ಅಲ್ಲಿಗೆ ಕಳಿಸಿದ್ದು?"

ನಾನು ಓದಿದ ಶಿಕ್ಷಣ ವರದಿಗಳಲ್ಲಿ ಆ ಪ್ರಶ್ನೆಗಿಂತ ದೊಡ್ಡದನ್ನು ಇನ್ನೂ ಕಂಡಿಲ್ಲ.

ಆ ಯೋಜನೆ ತಂದವರು ಮುಖ್ಯಮಂತ್ರಿ ರಾಜಾಜಿ. ಅವರನ್ನು ಬೈಯುವುದು ಸುಲಭ, ತಮಿಳುನಾಡಿನಲ್ಲಿ ಇವತ್ತಿಗೂ ಬೈಯುತ್ತಾರೆ. 'ಕುಲಕಲ್ವಿ', ಅಂದರೆ ಕುಲಶಿಕ್ಷಣ, ಎಂಬ ಹೆಸರು ಅಂಟಿಕೊಂಡುಬಿಟ್ಟಿದೆ. ಆದರೆ ನೀನು ಫೈಲು ಓದುವ ಕೆಲಸಕ್ಕೆ ಹೋಗುವವಳು, ಎದುರು ಪಕ್ಷದ ಮಾತೂ ತಿಳಿದಿರಬೇಕು. ಖಜಾನೆಯಲ್ಲಿ ದುಡ್ಡಿರಲಿಲ್ಲ, ಮೇಷ್ಟ್ರುಗಳಿರಲಿಲ್ಲ, ಶಾಲೆಯ ಹೊರಗಿದ್ದ ಮಕ್ಕಳೇ ಹೆಚ್ಚು. ಎರಡು ಪಾಳಿ ಮಾಡಿದರೆ ಅದೇ ಕಟ್ಟಡದಲ್ಲಿ, ಅದೇ ಮೇಷ್ಟ್ರ ಕೈಯಲ್ಲಿ ಇಮ್ಮಡಿ ಮಕ್ಕಳು ಕಲಿಯಬಹುದೆಂಬ ಲೆಕ್ಕ. ಲೆಕ್ಕ ಸರಿಯಿತ್ತು. ಆಮೇಲೆ ನೇಮಿಸಿದ ಪರುಳೇಕರ್ ಸಮಿತಿಯೂ ಯೋಜನೆ ಒಳ್ಳೆಯದೆಂದೇ ವರದಿ ಕೊಟ್ಟಿತು. ಪಟ್ಟಣಗಳನ್ನು ಬಿಟ್ಟು ಹಳ್ಳಿಗಳಿಗೆ ಮಾತ್ರ ಅದನ್ನು ಹಾಕಿದ್ದರು ಎನ್ನುವುದನ್ನು ಮಾತ್ರ ಗಮನಿಸು. ಕಾಗದದ ಮೇಲೆ ಕೂಡಿದ್ದೆಲ್ಲ ಕೂಡಿತ್ತು; ಕೂಡಿದವರ ಮಕ್ಕಳು ಆ ಲೆಕ್ಕದಲ್ಲಿ ಇರಲಿಲ್ಲ.

ಒಂದೇ ವರ್ಷ. 1954ರ ಏಪ್ರಿಲ್‌ನಲ್ಲಿ ಕಾಮರಾಜರು ಮುಖ್ಯಮಂತ್ರಿಯಾಗಿ ಬಂದರು, ಮೇ ತಿಂಗಳಲ್ಲಿ ಶಿಕ್ಷಣ ಮಂತ್ರಿ ಸಿ. ಸುಬ್ರಹ್ಮಣ್ಯಂ ಶಾಸನಸಭೆಯಲ್ಲಿ ಎದ್ದು ನಿಂತು ಯೋಜನೆ ಕೈಬಿಟ್ಟಿದ್ದೇವೆ ಎಂದರು. ಈ ಸುಬ್ರಹ್ಮಣ್ಯಂ ಯಾರು ಗೊತ್ತೇ? ಪೊಳ್ಳಾಚಿಯ ಹತ್ತಿರದ ಸೆಂಗುಟ್ಟೈಪಾಳ್ಯದವರು, ನಮ್ಮ ಜಿಲ್ಲೆಯವರೇ. ಯೋಜನೆ ತಂದ ರಾಜಾಜಿ ಸಂಪುಟದಲ್ಲೂ ಇದ್ದವರು, ರಾಜಾಜಿಯ ಹತ್ತಿರದವರು, ನಾಯಕತ್ವಕ್ಕೆ ಕಾಮರಾಜರ ಎದುರು ನಿಂತು ಸೋತವರು. ಅಂಥವರೇ ತಮ್ಮದೇ ಸರ್ಕಾರ ಹಾಕಿದ ಗಂಟನ್ನು ಬಿಚ್ಚಬೇಕಾಯಿತು. ಮುಂದೆ ದೆಹಲಿಗೆ ಹೋಗಿ ಆಹಾರ ಮಂತ್ರಿಯಾಗಿ ಹಸಿರು ಕ್ರಾಂತಿ ತಂದರು, 1998ರಲ್ಲಿ ಭಾರತರತ್ನ ಬಂತು. ಗೋಧಿಯ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಅವರು ನನ್ನ ಮಧ್ಯಾಹ್ನಗಳನ್ನು ವಾಪಸ್ಸು ಕೊಟ್ಟ ಮನುಷ್ಯ.

ಹೊಸ ಯೋಜನೆ ತರುವ ಮಂತ್ರಿಗೆ ಹಾರ ಬೀಳುತ್ತದೆ, ಫೋಟೋ ಬೀಳುತ್ತದೆ. ಹಾಕಿದ ಹೆಜ್ಜೆ ಹಿಂದಕ್ಕಿಡುವವನಿಗೆ ಎರಡೂ ಕಡೆಯಿಂದ ಬೈಗುಳ. ನಿನ್ನ ನೌಕರಿಯ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಎಷ್ಟೋ ಮಂತ್ರಿಗಳು ಬಂದು ಹೋಗುತ್ತಾರೆ. ಅವರಲ್ಲಿ ಯಾರು ಹಿಂದಕ್ಕಿಟ್ಟರು ಎಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೋ.

ಇನ್ನು ದೆಹಲಿಯ ಮಾತು. ಸಂವಿಧಾನ ಬಂದಾಗ ಶಾಲೆ ರಾಜ್ಯಗಳ ಪಟ್ಟಿಯಲ್ಲಿತ್ತು. ಉನ್ನತ ಶಿಕ್ಷಣದ ಮಟ್ಟ ಕಾಯುವುದು, ಹೊಂದಿಸುವುದು ಕೇಂದ್ರದ್ದು. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 42ನೆಯ ತಿದ್ದುಪಡಿ ಶಿಕ್ಷಣವನ್ನು ಸಮವರ್ತಿ ಪಟ್ಟಿಗೆ ಎತ್ತಿಹಾಕಿತು. ಅಲ್ಲಿಂದ ಒಂದೇ ಮನೆಗೆ ಇಬ್ಬರು ಯಜಮಾನರು. ಕೇಂದ್ರೀಯ ವಿದ್ಯಾಲಯ, ಎನ್‌ಸಿಇಆರ್‌ಟಿ, ಯುಜಿಸಿ, ದೊಡ್ಡ ಪರೀಕ್ಷೆಗಳು: ಇವೆಲ್ಲ ನೇರವಾಗಿ ಕೇಂದ್ರದ ಕೈಯಲ್ಲಿವೆ, ಸರಿ. ಆದರೆ ದೇಶದ ಬಹುಪಾಲು ಮಕ್ಕಳು ಕೂತಿರುವ ಶಾಲೆಗಳ ಮೇಲೆ ದೆಹಲಿಯ ಮಂತ್ರಿಗೆ ಇರುವುದು ಹುಕುಂ ಅಲ್ಲ. ಮಾತು ಇದೆ, ಹಣ ಇದೆ. ಇವೆರಡನ್ನು ಅವರು ಹೇಗೆ ಬಳಸುತ್ತಾರೆ ಎನ್ನುವುದರಲ್ಲೇ ಅವರ ಕರ್ತವ್ಯ ಎಲ್ಲ ಇದೆ.

ಮಾತಿನ ಬಲ ಎಷ್ಟೆಂದು ನಿನಗೊಂದು ಉದಾಹರಣೆ ಕೊಡುತ್ತೇನೆ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳೆಲ್ಲ ಒಂದು ಸಮ್ಮೇಳನದಲ್ಲಿ ಕೂತರು. ಆಗ ಕೇಂದ್ರದ ಶಿಕ್ಷಣ ಮಂತ್ರಿ ಮೌಲಾನಾ ಆಜಾದ್. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಯುಜಿಸಿ, ಖರಗಪುರದ ಐಐಟಿ, ಸಾಹಿತ್ಯ ಅಕಾಡೆಮಿ ಎಲ್ಲ ಅವರ ಕಾಲದ್ದು. ಆ ಸಮ್ಮೇಳನ ಒಂದು ಸಣ್ಣ ಒಪ್ಪಂದ ಮಾಡಿತು: ಒಂದು ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ, ಪ್ರಾಥಮಿಕ ಹಂತದಲ್ಲಿ ಅವರ ಭಾಷೆಯಲ್ಲಿ ಕಲಿಸುವ ಒಬ್ಬ ಶಿಕ್ಷಕರನ್ನಾದರೂ ಕೊಡಬೇಕು. ರಾಜ್ಯಗಳ ಗಡಿ ಬದಲಾದ 1956ರಲ್ಲಿ ಇದೇ ಆಶಯ ಸಂವಿಧಾನದ 350ಎ ವಿಧಿಯಾಗಿ ಬಂತು. ಯಾರ ಮೇಲೂ ಹೇರಲಿಲ್ಲ, ಕೂರಿಸಿ ಒಪ್ಪಿಸಿದರು. ಮಂತ್ರಿಗಳನ್ನೆಲ್ಲ ಹಾಗೆ ಕೂರಿಸುವುದಕ್ಕೆ ಬ್ರಿಟಿಷರ ಕಾಲದಿಂದಲೂ ಒಂದು ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಇದೆ, 1920ರಲ್ಲಿ ಹುಟ್ಟಿದ್ದು. 2019ರ ಸೆಪ್ಟೆಂಬರ್‌ನಲ್ಲಿ ಸೇರಿದ ಆ ಮಂಡಳಿ ಆಮೇಲೆ ಹಲವು ವರ್ಷ ಸೇರಲೇ ಇಲ್ಲ. ನಡುವೆ ಹೊಸ ಶಿಕ್ಷಣ ನೀತಿ ಬಂತು, ಕೊರೊನಾ ಬಂತು, ಶಾಲೆಗಳು ಮುಚ್ಚಿ ತೆರೆದವು. ಒಂದು ಮದುವೆ ಗೊತ್ತುಮಾಡುವುದಕ್ಕೂ ನಾವು ಬೀಗರನ್ನು ಎರಡು ಸಲ ಕೂರಿಸುತ್ತೇವೆ.

40-10ರ ನಿಯಮವನ್ನು ನೆನಪಿಟ್ಟುಕೋ, ಅದರ ಬಗ್ಗೆ ನನ್ನದೊಂದು ತಪ್ಪೊಪ್ಪಿಗೆ ಇದೆ. ಆಮೇಲೆ ಹೇಳುತ್ತೇನೆ.

ಮಂತ್ರಿಯನ್ನು ಅಳೆಯುವಾಗ ಕುರ್ಚಿಯಲ್ಲಿ ಎಷ್ಟು ದಿನ ಕೂತರು ಅನ್ನುವುದನ್ನು ಎಣಿಸಬೇಡ. ತಿರುಪ್ಪೂರಿನಲ್ಲಿ ಹುಟ್ಟಿದ ಅವಿನಾಶಿಲಿಂಗಂ ಚೆಟ್ಟಿಯಾರ್ 1946ರಿಂದ 1949ರವರೆಗೆ ಮದ್ರಾಸ್ ಪ್ರಾಂತದ ಶಿಕ್ಷಣ ಮಂತ್ರಿ. ಅದಕ್ಕೂ ಮೊದಲೇ, 1930ರಲ್ಲಿ, ಬೆರಳೆಣಿಕೆಯ ಹುಡುಗರನ್ನಿಟ್ಟುಕೊಂಡು ಕೊಯಮತ್ತೂರಿನಲ್ಲಿ ರಾಮಕೃಷ್ಣ ಮಿಷನ್ ವಿದ್ಯಾಲಯ ಶುರುಮಾಡಿದ್ದವರು. ಪೆರಿಯನಾಯಕನಪಾಳ್ಯದಲ್ಲಿ ಅದಕ್ಕೆ ಗಾಂಧೀಜಿ 1934ರಲ್ಲಿ ಅಡಿಗಲ್ಲು ಇಟ್ಟರು. ಮಂತ್ರಿಯಾದ ವರ್ಷವೇ ತಮಿಳಿಗೊಂದು ವಿಶ್ವಕೋಶ ಬೇಕೆಂದು ತಮಿಳು ವಳರ್ಚಿ ಕಳಗಂ ಕಟ್ಟಿದರು. ಸಂಪಾದಕರಾಗಿ ಬಂದವರು ಅದೇ ವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದ ಪೆರಿಯಸಾಮಿ ತೂರನ್. ಮೊದಲ ಸಂಪುಟ ಬಂದದ್ದು 1954ರಲ್ಲಿ, ಹತ್ತನೆಯದು 1968ರಲ್ಲಿ. ಮಂತ್ರಿಗಿರಿ ಮೂರು ವರ್ಷ, ಕೆಲಸ ಇಪ್ಪತ್ತೆರಡು ವರ್ಷ! ಅವರ ಹೆಸರಿನ ಹೆಣ್ಣುಮಕ್ಕಳ ವಿಶ್ವವಿದ್ಯಾಲಯದಲ್ಲೇ ನಿನ್ನ ಅತ್ತೆ ಓದಿದ್ದು. ನಾನು ಕಲೈಕ್ಕಳಂಜಿಯಂ ಎಂಬ ಆ ವಿಶ್ವಕೋಶದ ಸಂಪುಟಗಳನ್ನು ಶಾಲೆಯ ಬೀರುವಿನಿಂದ ತೆಗೆದು, ತಮಿಳು ಕಲಿಯುವುದಕ್ಕೆಂದೇ ಓದಿದೆ. ನಮ್ಮ ಮನೆಮಾತು ಕನ್ನಡ, ನನಗೆ ಅನ್ನ ಹಾಕಿದ್ದು ತಮಿಳು. ಇದರಲ್ಲಿ ಯಾವುದನ್ನೂ ಬಿಟ್ಟುಕೊಡಬೇಕೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ದೆಹಲಿಯಲ್ಲೂ ಅಂಥವರೊಬ್ಬರಿದ್ದರು. ವಿ.ಕೆ.ಆರ್.ವಿ. ರಾವ್, ಬಳ್ಳಾರಿಯಿಂದ ಗೆದ್ದವರು, ದೊಡ್ಡ ಅರ್ಥಶಾಸ್ತ್ರಜ್ಞರು. 1969ರ ಫೆಬ್ರವರಿಯಿಂದ 1971ರ ಮಾರ್ಚ್‌ವರೆಗೆ, ಎರಡು ವರ್ಷ ಚಿಲ್ಲರೆ ಕೇಂದ್ರದ ಶಿಕ್ಷಣ ಮಂತ್ರಿ. ಅಷ್ಟರಲ್ಲಿ ಎರಡು ಬೀಜ ಬಿದ್ದವು. 1969ರ ಜುಲೈನಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ. ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ. ನೀನು ಕಾಲೇಜಿನಲ್ಲಿ ಎನ್‌ಎಸ್‌ಎಸ್ ಟೋಪಿ ಹಾಕಿಕೊಂಡು ನೊಯ್ಯಲ್ ಹೊಳೆಯ ದಡದಲ್ಲಿ ಪ್ಲಾಸ್ಟಿಕ್ ಹೆಕ್ಕಿ ಬಂದೆಯಲ್ಲ, ಅದರ ಬೇರು ಅಲ್ಲಿದೆ. ಮೈಸೂರಿನ ಸಂಸ್ಥಾನದಲ್ಲಿ ಒಂದು ರಾಜ್ಯದ ಮೇಷ್ಟ್ರು ಇನ್ನೊಂದು ರಾಜ್ಯದ ಭಾಷೆಯನ್ನು ಹತ್ತು ತಿಂಗಳು ಕೂತು ಕಲಿಯುವ ಏರ್ಪಾಡಿದೆ. ಮೂರು ಭಾಷೆ ಬೇಕೋ ಎರಡು ಸಾಕೋ ಎಂದು ಟಿವಿಯಲ್ಲಿ ಕೂಗಾಡುವವರನ್ನು ಹತ್ತು ತಿಂಗಳು ಅಲ್ಲಿಗೆ ಕಳಿಸಿದರೆ ಹೇಗೆ ಎಂದು ನಾನು ಆಗಾಗ ಯೋಚಿಸುವುದುಂಟು.

ಈಗ ಹಣದ ಮಾತು. ಇದನ್ನು ಬರೆಯುವಾಗ ಕೈ ಸ್ವಲ್ಪ ಬಿಗಿಯಾಗುತ್ತದೆ.

ಸಮಗ್ರ ಶಿಕ್ಷಾ ಎಂಬ ಯೋಜನೆಯಲ್ಲಿ ಕೇಂದ್ರದ ಪಾಲೂ ಇದೆ, ರಾಜ್ಯದ ಪಾಲೂ ಇದೆ. ಅಂಗವಿಕಲ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರ ಸಂಬಳ, ಖಾಸಗಿ ಶಾಲೆಗೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸೇರಿದ ಬಡಮಕ್ಕಳ ಶುಲ್ಕ, ಇವೆಲ್ಲ ಅದರಿಂದಲೇ. ಕೇಂದ್ರದ ಇನ್ನೊಂದು ಯೋಜನೆಯಾದ ಪಿಎಂ ಶ್ರೀ ಶಾಲೆಗಳ ಒಪ್ಪಂದಕ್ಕೆ ತಮಿಳುನಾಡು ಸಹಿ ಹಾಕಲಿಲ್ಲ. ಹಾಕಿದರೆ 2020ರ ನೀತಿಯನ್ನು, ಅದರ ಮೂರು ಭಾಷೆಗಳನ್ನು ಒಪ್ಪಿದಂತೆ ಎಂದು ರಾಜ್ಯ. ಒಂದಕ್ಕೊಂದು ಸೇರಿದ್ದು, ಬಿಡಿಬಿಡಿಯಾಗಿ ಕೊಡಲಾಗದು ಎಂದು ಕೇಂದ್ರ. 2024-25ರಲ್ಲಿ ರಾಜ್ಯಕ್ಕೆ ಬರಬೇಕಿದ್ದ 2,152 ಕೋಟಿ ರೂಪಾಯಿ ನಿಂತಿತು. ಕೊಯಮತ್ತೂರಿನವರೇ ಒಬ್ಬರು ಹೈಕೋರ್ಟಿಗೆ ಹೋದರು. ಶಿಕ್ಷಣ ಹಕ್ಕಿನ ಹಣವನ್ನು ಹೊಸ ನೀತಿಗೆ ಗಂಟು ಹಾಕಬೇಕಿಲ್ಲ ಎಂದು 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಕೊನೆಗೆ ಆ ಪಾಲಿನ ಹಣ ಬಂದು, ಜೂನ್‌ನಲ್ಲಿ ತೆರೆದ ಶಾಲೆಗಳಿಗೆ ಬಡಮಕ್ಕಳ ಪ್ರವೇಶ ನಡೆದದ್ದು ಅಕ್ಟೋಬರ್‌ನಲ್ಲಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಗಾದೆಯನ್ನು ನಮ್ಮ ಹಿರಿಯರು ಸಮವರ್ತಿ ಪಟ್ಟಿ ನೋಡಿಯೇ ಕಟ್ಟಿದರೋ ಏನೋ.

ಯಾರು ಸರಿ ಎಂದು ನೀನು ಕೇಳಬಹುದು. ನೀತಿಯ ವಾದದಲ್ಲಿ ಇಬ್ಬರಿಗೂ ಹೇಳುವುದಕ್ಕೆ ಇದೆ, ವಾದ ನಡೆಯಲಿ, ನ್ಯಾಯಾಲಯ ಇದೆ, ಸಂಸತ್ತಿದೆ. ಹಣದ ವಿಷಯದಲ್ಲಿ ಮಾತ್ರ ನಾನು ಕೇಂದ್ರದ ಕಡೆ ನಿಲ್ಲಲಾರೆ. ಮಗ್ಗದ ಮನೆಯಲ್ಲಿ ಒಂದು ಪದ್ಧತಿ ಇತ್ತು: ನೂಲು ಕೊಡುವ ಸಾಹುಕಾರನಿಗೂ ನೇಯುವವನಿಗೂ ಕೂಲಿಯ ಮೇಲೆ ತಕರಾರು ಬಂದರೂ, ಹಬ್ಬದ ಮುಂಗಡ ನಿಲ್ಲಿಸುವಂತಿಲ್ಲ. ಚೌಡೇಶ್ವರಿ ಹಬ್ಬಕ್ಕೆ ಮಕ್ಕಳ ಮೈಮೇಲೆ ಬಟ್ಟೆ ಬೀಳಲೇಬೇಕು. ತಕರಾರು ಹಬ್ಬ ಕಳೆದ ಮೇಲೆ. ಆರು ವರ್ಷದ ಮಗುವಿಗೆ ಒಂದನೇ ತರಗತಿಯ ಜೂನ್ ತಿಂಗಳು ಇನ್ನೊಂದು ಸಲ ಬರುವುದಿಲ್ಲ. ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಎಂದು 1968ರಲ್ಲಿ ಬರೆದರು, 1986ರಲ್ಲಿ ಬರೆದರು, 2020ರಲ್ಲೂ ಬರೆದರು, ಇನ್ನೂ ತಲುಪಿಲ್ಲ. ಹಾಗಿರುವಾಗ ಇರುವುದನ್ನಾದರೂ ಹೊತ್ತಿಗೆ ಸರಿಯಾಗಿ ಕೊಡಬೇಡವೇ?

ಇನ್ನೊಂದು ಕರ್ತವ್ಯ, ಎದ್ದು ನಿಂತು ಹೊಣೆ ಹೊರುವುದು. 2024ರ ನೀಟ್ ನಿನಗೆ ನೆನಪಿದೆ, ನಿನ್ನ ಗೆಳತಿಯ ತಂಗಿ ಬರೆದಿದ್ದಳು. ಇಪ್ಪತ್ತಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದ ಪರೀಕ್ಷೆ. ಪ್ರಶ್ನೆಪತ್ರಿಕೆ ಸೋರಿದ್ದಕ್ಕೆ ಸಾಕ್ಷಿಯಿಲ್ಲ ಎಂದು ಮೊದಲು ಹೇಳಿದ ಸಚಿವರು, ವಾರ ಕಳೆದ ಮೇಲೆ ನೈತಿಕ ಹೊಣೆ ನನ್ನದು ಎಂದರು. ಅದೇ ವಾರ ಯುಜಿಸಿ-ನೆಟ್ ಪರೀಕ್ಷೆ ನಡೆದ ಮರುದಿನವೇ ರದ್ದಾಯಿತು. ಹೊಣೆ ನನ್ನದು ಎಂದದ್ದು ಒಳ್ಳೆಯದೇ. ಆದರೆ ಕೂಸೇ, ಮೊದಲ ದಿನದ "ಸಾಕ್ಷಿಯಿಲ್ಲ" ಎಂಬ ಮಾತನ್ನು ಮಂತ್ರಿಗೆ ಬರೆದುಕೊಟ್ಟವರು ಯಾರೋ ಇರುತ್ತಾರಲ್ಲ? ನಿನ್ನಂಥವರೇ ಒಬ್ಬರು. ಸಂಸತ್ತಿನಲ್ಲಿ ಪ್ರಶ್ನೆ ಬಂದಾಗ ಉತ್ತರದ ಮೊದಲ ಕರಡು ಬರುವುದು ಸೆಕ್ಷನ್ನಿನಿಂದ. ಮಂತ್ರಿ ಸದನದಲ್ಲಿ ಸುಳ್ಳಾಡುವುದೋ ನಿಜ ಹೇಳುವುದೋ ಎಷ್ಟೋ ಸಲ ಆ ಕರಡಿನಲ್ಲೇ ತೀರ್ಮಾನವಾಗಿರುತ್ತದೆ. ಗೊತ್ತಿಲ್ಲದಿದ್ದರೆ ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂದೇ ಬರೆ. ಮೇಲಿನವರು ಬೈದರೆ ಬೈಸಿಕೋ.

ಇನ್ನು ಶಾಲೆ ಬಿಟ್ಟುಹೋಗುವ ಮಕ್ಕಳ ಮಾತು. 1990ರ ದಶಕದಲ್ಲಿ ನಾನು ಇದೇ ತಿರುಪ್ಪೂರಿನ ಒಂದು ಶಾಲೆಯಲ್ಲಿದ್ದೆ. ಬನಿಯನ್ ಕಂಪನಿಗಳು ರಾತ್ರಿಯಿಡೀ ಓಡುತ್ತಿದ್ದ ಕಾಲ. ದೀಪಾವಳಿ ರಜೆ ಮುಗಿಸಿ ಬಂದರೆ ಏಳನೇ ತರಗತಿಯಲ್ಲಿ ನಾಲ್ಕೈದು ಬೆಂಚು ಖಾಲಿ. ಹುಡುಗರು ಎಲ್ಲೋ ಕೂತು ಹೊಲಿದ ಬನಿಯನ್ನಿನ ದಾರ ಕತ್ತರಿಸುತ್ತಿದ್ದರು, ಮಡಿಸುತ್ತಿದ್ದರು. ಯಾವ ಸರ್ಕಾರದ ಆರ್ಡರೂ ಇರಲಿಲ್ಲ, 1953ರ ಯೋಜನೆ ತಾನಾಗಿಯೇ ವಾಪಸ್ಸು ಬಂದಿತ್ತು. ಸೈಕಲ್ ಹತ್ತಿ ಮನೆಮನೆಗೆ ಹೋಗಿ ಕರೆಯುತ್ತಿದ್ದೆ. ಒಬ್ಬ ತಾಯಿ ಹೇಳಿದಳು: "ಸಾರ್, ನೀವು ಕಲಿಸೋದಕ್ಕೆ ವರ್ಷಗಟ್ಟಲೆ ಬೇಕು, ಇಲ್ಲಿ ಶನಿವಾರ ಸಂಬಳ." ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೆ ಉತ್ತರ ಹುಡುಕುವುದೂ ಮಂತ್ರಿಯ ಕೆಲಸವೇ. ನಮ್ಮ ರಾಜ್ಯದಲ್ಲಿ ಮಧ್ಯಾಹ್ನದ ಊಟ ಸ್ವಲ್ಪ ಉತ್ತರ ಕೊಟ್ಟಿತು, ಉಚಿತ ಬಸ್ ಪಾಸು ಇನ್ನಷ್ಟು.

ಈಗ ನನ್ನ ತಪ್ಪೊಪ್ಪಿಗೆ.

1957ರ ಬೇಸಿಗೆಯಲ್ಲಿ, ಕೊಳ್ಳೇಗಾಲ ಮೈಸೂರಿಗೆ ಹೋದ ಮರುವರ್ಷವೇ, ಅಪ್ಪ ನಮ್ಮನ್ನೆಲ್ಲ ಕಟ್ಟಿಕೊಂಡು ಪಲ್ಲಡದ ಕಡೆಯ ನೆಂಟರ ಹತ್ತಿರ ಬಂದ. ಹೊಸ ಶಾಲೆಯಲ್ಲಿ ಎರಡು ತರಗತಿ ಕೆಳಗೆ ಕೂರಿಸಿದರು. ಲೆಕ್ಕ ಬರುತ್ತಿತ್ತು, ಲೆಕ್ಕ ಹೇಳಿದ ಮಾತು ಬರುತ್ತಿರಲಿಲ್ಲ. ಒಂದು ವರ್ಷ ಬಾಯಿ ಬಿಡಲಿಲ್ಲ. ನಾನು ಮೂಗನೆಂದೇ ಕೆಲವರು ತಿಳಿದಿದ್ದರು. ಆ ತರಗತಿಯಲ್ಲಿ ದೇವಾಂಗರ, ಒಕ್ಕಲಿಗ ಗೌಂಡರ, ಅನುಪ್ಪರ ಮಕ್ಕಳು, ಮನೆಯಲ್ಲಿ ಕನ್ನಡ ಆಡುವವರು, ಹತ್ತಕ್ಕಿಂತ ಹೆಚ್ಚೇ ಇದ್ದೆವು. 40-10ರ ನಿಯಮ ಆಗಲೇ ಎಂಟು ವರ್ಷ ಹಳೆಯದು. ಶಿಕ್ಷಕರು ಯಾಕೆ ಬರಲಿಲ್ಲ? ಇದನ್ನು ನಾನು ತಿಳಿದುಕೊಂಡದ್ದು ನಾನೇ ಮೇಷ್ಟ್ರಾಗಿ, ದಾಖಲಾತಿ ರಿಜಿಸ್ಟರ್ ನನ್ನ ಕೈಗೆ ಬಂದ ಮೇಲೆ. ಅದರಲ್ಲಿ ಮಾತೃಭಾಷೆ ಅಂತ ಒಂದು ಕಾಲಂ ಇದೆ. ಪುಟ ಪುಟ ತಿರುವಿದರೂ ಒಂದೇ ಪದ, ಮೇಲಿಂದ ಕೆಳಗೆ, ಆಮೇಲೆ ಬರೀ 'ಮೇಲಿನಂತೆ' ಚುಕ್ಕೆಗಳು: ತಮಿಳು. ಯಾರೋ ಹೇರಿದ್ದಲ್ಲ. ಬರೆಯುವವನಿಗೆ ಸುಲಭ, ಕೇಳುವವನಿಗೆ ಸಂಕೋಚ, ಅಷ್ಟೇ. ಕಾಗದದಲ್ಲಿ ನಾವು ಇರಲೇ ಇಲ್ಲ. ಇಲ್ಲದ ಮಕ್ಕಳಿಗೆ ಯಾವ ಮಂತ್ರಿ ಮೇಷ್ಟ್ರನ್ನು ಕಳಿಸುತ್ತಾನೆ?

ಇಷ್ಟು ತಿಳಿದ ನಾನು 1975ರಲ್ಲಿ ನಿನ್ನ ಅಪ್ಪನನ್ನು ಒಂದನೇ ತರಗತಿಗೆ ಸೇರಿಸಿದೆ. ರಿಜಿಸ್ಟರ್ ಬರೆದವನು ನಾನೇ. ಆ ಕಾಲಂಗೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು, ಆಮೇಲೆ ಎರಡು ಚುಕ್ಕೆ ಇಟ್ಟು ಮುಂದೆ ಹೋಯಿತು. ಅವನು ಇವತ್ತಿಗೂ ಕನ್ನಡ ಓದಲಾರ. ನಿನಗೆ ನಾನು ಕಲಿಸಿದ್ದು ಆ ಎರಡು ಚುಕ್ಕೆಗಳ ಪ್ರಾಯಶ್ಚಿತ್ತವಾಗಿ ಅಂತ ಈಗ ಗೊತ್ತಾಯಿತಲ್ಲ.

ದೆಹಲಿಯಲ್ಲಿ ನಿನಗೆ ಕಾಣುವುದು ಮೊತ್ತಗಳು. ಯುಡೈಸ್ ಎಂದು ಈಗ ಕಂಪ್ಯೂಟರಿನಲ್ಲಿ ತುಂಬುವ ಮಾಹಿತಿಯಲ್ಲೂ ಮಗುವಿನ ಮಾತೃಭಾಷೆಗೆ ಒಂದು ಜಾಗ ಇದೆ. ಮಂತ್ರಿಗೆ ಅಷ್ಟು ದೂರದಿಂದ ಕಾಣುವ ದೇಶ ಅಂದರೆ ಆ ಜಾಗಗಳ ಕೂಡಿಕೆ. ನನ್ನಂಥ ಸೋಮಾರಿ ಮೇಷ್ಟ್ರು ಚುಕ್ಕೆ ಇಟ್ಟಲ್ಲೆಲ್ಲ ದೇಶ ಸ್ವಲ್ಪ ಸ್ವಲ್ಪ ಅಳಿಸಿಹೋಗಿರುತ್ತದೆ. ಆದ್ದರಿಂದ ಒಂದು ಜಿಲ್ಲೆಯ ಪಟ್ಟಿ ತೀರಾ ಅಚ್ಚುಕಟ್ಟಾಗಿ ಕಂಡರೆ ಅನುಮಾನಪಡು. ಒಂದು ಫೋನ್ ಮಾಡಿ ಕೇಳು.

ನಾನೀಗ ವಾರಕ್ಕೆ ಎರಡು ಮಧ್ಯಾಹ್ನ ಪಕ್ಕದ ಶಾಲೆಗೆ ಲೆಕ್ಕ ಹೇಳಿಕೊಡಲು ಹೋಗುತ್ತೇನಲ್ಲ, ಅಲ್ಲಿಗೆ ಈ ವರ್ಷ ಒಂದು ಪುಟ್ಟ ಹುಡುಗಿ ಬಂದಿದ್ದಾಳೆ. ಒಡಿಶಾದವಳು, ಅಪ್ಪ ಅಮ್ಮ ಇಬ್ಬರೂ ಬನಿಯನ್ ಕಂಪನಿಯಲ್ಲಿ. ಮೊದಲ ತಿಂಗಳು ಬಾಯಿ ಬಿಡಲಿಲ್ಲ. ಮೂಗಿ ಇರಬೇಕು ಅಂದರು ಒಬ್ಬ ಟೀಚರು. ನನಗೆ ಎದೆ ಧಸಕ್ಕೆಂದಿತು. ಹತ್ತಿರ ಕೂತು ಹುಣಸೆಬೀಜ ಎಣಿಸುತ್ತಾ ಕಾದೆ. ಮೂರನೆಯ ದಿನ ತಾನಾಗಿಯೇ ಎಣಿಸಿದಳು: ಏಕ, ದುಯಿ, ತಿನಿ, ಚಾರಿ, ಪಾಂಚ. ಈಗಿನ ಶಿಕ್ಷಣ ಸಚಿವರೂ ಒಡಿಶಾದವರೇ. ಅವರ ಮನೆಮಾತು ಈ ಬೀದಿಯ ಶಾಲೆಯಲ್ಲಿ ಬೀಜ ಎಣಿಸುತ್ತಿದೆ ಎಂದು ಅವರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಅವಳಿಗೆ ತಮಿಳು ಬೇಕು, ಇಲ್ಲಿ ಬದುಕಬೇಕಲ್ಲ. ನಾಲ್ಕು ತಿಂಗಳಲ್ಲಿ ಸುಮಾರಾಗಿ ಹಿಡಿದಿದ್ದಾಳೆ. ಆದರೆ ಹಿಡಿಯುವ ತನಕ ನಿಲ್ಲುವುದಕ್ಕೆ ಒಂದು ಮೆಟ್ಟಿಲೂ ಬೇಕು. ನನಗೆ ಬರುವ ಒಡಿಯಾ ಆ ಐದು ಪದ ಮಾತ್ರ.

ಕಳೆದ ವಾರ ಹೆಡ್ಮಿಸ್ಟ್ರೆಸ್ ಕಂಪ್ಯೂಟರ್ ಮುಂದೆ ಕೂತು ಮಕ್ಕಳ ವಿವರ ತುಂಬುತ್ತಿದ್ದರು. ಚಿಕ್ಕ ವಯಸ್ಸಿನವರು, ಕೆಲಸದ ಹೊರೆ, ರಾತ್ರಿಯೊಳಗೆ ಮುಗಿಸಬೇಕಂತೆ. ಆ ಹುಡುಗಿಯ ಸಾಲಿಗೆ ಬಂದಾಗ ನಾನು ಹಿಂದೆ ನಿಂತಿದ್ದೆ. ಅವರು ನನ್ನ ಮುಖ ನೋಡಿದರು. ನಾನೇನೂ ಹೇಳಲಿಲ್ಲ. ಪಟ್ಟಿಯನ್ನು ಕೆಳಕ್ಕೆ ಎಳೆದು, ಹುಡುಕಿ, ಒಡಿಯಾ ಎಂದು ಒತ್ತಿದರು.

ಭಾನುವಾರ ಕೊಂಗು ಎಕ್ಸ್‌ಪ್ರೆಸ್. ಸ್ವೆಟರು ದೆಹಲಿಯಲ್ಲಿ ಕೊಳ್ಳಬೇಡ, ಅಲ್ಲಿ ದುಡ್ಡು ಕೊಟ್ಟು ತಿರುಪ್ಪೂರಿನ ಮಾಲನ್ನೇ ತರುತ್ತೀಯ. ಅಜ್ಜಿ ಎರಡು ತೆಗೆದಿಟ್ಟಿದ್ದಾಳೆ. ಚಟ್ನಿಪುಡಿ ಡಬ್ಬಿಯ ಮುಚ್ಚಳ ಸರಿ ಕೂರುವುದಿಲ್ಲ, ಪೇಪರ್ ಸುತ್ತಿಕೋ. ಕೆಲಸದಲ್ಲಿ ಸ್ವಲ್ಪ ನೆಲೆಯಾದ ಮೇಲೆ, ನಿನಗೆ ನೋಡುವ ಹಕ್ಕಿದ್ದರೆ ಮಾತ್ರ, ನಮ್ಮ ಜಿಲ್ಲೆಯ ಆ ಪಟ್ಟಿಯಲ್ಲಿ ಒಡಿಯಾದ ಎದುರು ಎಷ್ಟಿದೆ ಅಂತ ನೋಡು. ಕನ್ನಡದ ಎದುರೂ ನೋಡು. ನೋಡಿ ಫೋನ್ ಮಾಡು. ರಾತ್ರಿ ಒಂಬತ್ತರ ಮೇಲೆ ಬೇಡ, ಅಜ್ಜಿಗೆ ನಿದ್ದೆ ಕೆಡುತ್ತದೆ.